ಒಂದೇ ಬೆರಳಲ್ಲಿ ತಿರುಗುವ ಅಂಬಾಸಿಡರ್

ಹಳೆಯ ಅಂಬಾಸಿಡರ್‌ಗೆ ಪವರ್ ಸ್ಟೀರಿಂಗ್ ಹಾಕಿಸಿದ್ದಾರೆ, ಒಂದೇ ಬೆರಳಲ್ಲಿ ತಿರುಗುತ್ತೆ ಅಂತ ಮಾರುವವರು ಅಂದಾಕ್ಷಣ ಮರುಳಾಗಬೇಡಿ. ಹಗುರವಾಗಿದೆಯೇ ಅನ್ನುವುದಕ್ಕಿಂತ ಹೇಗೆ ಜೋಡಿಸಿದ್ದಾರೆ ಅನ್ನುವುದು ಮುಖ್ಯ. ಮಾರಿಸ್ ಆಕ್ಸ್‌ಫರ್ಡ್ ಮೂಲದ ಈ ಕಾರಿಗೆ ಬೇರೆ ಕಾರಿನ ಎಲೆಕ್ಟ್ರಿಕ್ ಮೋಟಾರ್ ಕೂರಿಸಲು ಕೆಲವೊಮ್ಮೆ ಸ್ಟೀರಿಂಗ್ ಶಾಫ್ಟನ್ನೇ ಕತ್ತರಿಸಿ ಬೆಸೆದಿರುತ್ತಾರೆ. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ: ಶಾಫ್ಟಿನ ಮೇಲೆ ಒರಟು ವೆಲ್ಡಿಂಗ್ ಗಂಟು ಕಂಡರೆ ವ್ಯಾಪಾರ ಅಲ್ಲಿಗೇ ಬಿಡಿ. ಆ ಬೆಸುಗೆ ಕಳಚಿದರೆ ನಿಮ್ಮ ಕೈಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಪವರ್ ಸ್ಟೀರಿಂಗ್ ಇಲ್ಲದೆ ವಯಸ್ಸಾದವರು ಓಡಿಸುವುದು ಹೇಗೆ ಅನ್ನಬಹುದು. ನ್ಯಾಯವಾದ ಮಾತೇ. ಆದರೆ ಅಗಲ ಟೈರು, ಕಮ್ಮಿ ಗಾಳಿ, ಒಣಗಿದ ಗ್ರೀಸು ಕೂಡ ಸ್ಟೀರಿಂಗನ್ನು ಭಾರ ಮಾಡುತ್ತವೆ. ಅವನ್ನು ಸರಿಪಡಿಸುವುದು ಮೋಟಾರಿಗಿಂತ ಅಗ್ಗ. ಒಳ್ಳೆಯ ಜೋಡಣೆಯೇ ಆಗಿದ್ದರೂ ಓಡಿಸಿ ನೋಡಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು.