ಸಾಲ ಮನ್ನಾ ಆದ ಮೇಲೆ ಏನು?

ವಿಲೆ ಪಾರ್ಲೆ ಮುಂಬೈಯ ಪಶ್ಚಿಮ ರೈಲು ಮಾರ್ಗದಲ್ಲಿ ಸಾಂತಾಕ್ರೂಜ್ ಮತ್ತು ಅಂಧೇರಿ ನಡುವಿನ ಉಪನಗರ. 1929ರಲ್ಲಿ ಇಲ್ಲಿ ಶುರುವಾದ ಪಾರ್ಲೆ ಬಿಸ್ಕತ್ತು ಕಂಪನಿಯ ಕಾರ್ಖಾನೆ 2016ರವರೆಗೆ ನಡೆಯಿತು. ಸಂಬಳ ನಂಬಿ ಬದುಕುವ ಇಂಥ ಬಡಾವಣೆಗಳಲ್ಲಿ ಕಾಯಿಲೆ, ಮದುವೆ, ಮಳೆಗಾಲದ ರಿಪೇರಿ ಎಂದು ಹಣದ ಅಡಚಣೆ ಬಂದಾಗ ಬಡವರು ಹೋಗುತ್ತಿದ್ದುದು ಬಡ್ಡಿ ಸಾಹುಕಾರನ ಬಳಿಗೆ, ಇಲ್ಲವೇ ಗಿರವಿ ಅಂಗಡಿಗೆ.

1975ರ ಆಗಸ್ಟಿನಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಮಹಾರಾಷ್ಟ್ರ ಸರ್ಕಾರ ಸಾಲ ಪರಿಹಾರದ ಸುಗ್ರೀವಾಜ್ಞೆ ಹೊರಡಿಸಿತು. ಮುಂದೆ ಅದು ಕಾಯ್ದೆಯಾಯಿತು. ಅತಿ ಸಣ್ಣ ರೈತರು, ಹಳ್ಳಿಯ ಕೂಲಿಗಳು ಮತ್ತು ಕುಶಲಕರ್ಮಿಗಳ ಜೊತೆಗೆ ಕಡಿಮೆ ಆದಾಯದ ಕಾರ್ಮಿಕರೂ ಅದರ ವ್ಯಾಪ್ತಿಗೆ ಬಂದರು. ಲೇವಾದೇವಿಗಾರರಿಂದ ಅವರು ತಂದ ಸಾಲ ರದ್ದಾಯಿತು. ಗಿರವಿ ಇಟ್ಟ ಒಡವೆಯನ್ನು ಹಿಂದಿರುಗಿಸಬೇಕಾಯಿತು. ಲೇವಾದೇವಿಗಾರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1977ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಕಾಯ್ದೆಯನ್ನು ಎತ್ತಿ ಹಿಡಿಯಿತು. ದೇವರಾಜ ಅರಸರ ಕಾಲದ ಕರ್ನಾಟಕದಲ್ಲೂ 1976ರಲ್ಲಿ ಇಂಥದೇ ಕಾಯ್ದೆ ಬಂತು.

ಮಹಾರಾಷ್ಟ್ರದ ಕಾಯ್ದೆ ಬ್ಯಾಂಕು, ಸಹಕಾರ ಸಂಘ ಮತ್ತು ಸರ್ಕಾರದ ಸಾಲವನ್ನು ಮುಟ್ಟಲಿಲ್ಲ. ಅದಕ್ಕೆ ಕಾರಣ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಸುಪೆಯ ಬೆಂಕಿ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ದಖ್ಖಣದ ರೈತರಿಗೆ ಸಾಹುಕಾರರು ಧಾರಾಳವಾಗಿ ಸಾಲ ಕೊಟ್ಟರು. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರ ಕಂದಾಯ ಏರಿಸಿತು. ಸಾಹುಕಾರರು ಹೊಸ ಸಾಲ ನಿಲ್ಲಿಸಿ, ಹಳೆಯದಕ್ಕಾಗಿ ಹೊಲ ಜಪ್ತಿಗೆ ಮುಂದಾದರು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಿಡಿದೆದ್ದರು. ದಂಗೆ ಪುಣೆ, ಅಹ್ಮದ್‌ನಗರ ಜಿಲ್ಲೆಗಳಿಗೆ ಹಬ್ಬಿತು. ರೈತರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರ ಮತ್ತು ಲೆಕ್ಕದ ವಹಿಗಳನ್ನು. ಸಿಕ್ಕಲ್ಲೆಲ್ಲ ಅವನ್ನು ಸುಟ್ಟರು. ಸರ್ಕಾರ ತನಿಖಾ ಆಯೋಗ ನೇಮಿಸಿ, 1879ರಲ್ಲಿ ದಖ್ಖಣ ರೈತರ ಪರಿಹಾರ ಕಾಯ್ದೆ ತಂದಿತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ. ಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನೋಡದೆ ಅಸಲೆಷ್ಟು, ಬಡ್ಡಿಯೆಷ್ಟು ಎಂದು ನ್ಯಾಯಾಲಯ ಬಗೆದು ನೋಡಬೇಕು ಎಂದಿತು.

ಕಾಯ್ದೆ ನ್ಯಾಯವಾಗಿಯೇ ಇತ್ತು. ಆದರೆ ಬಿತ್ತನೆಗೆ ಹಣ ಬೇಕಾದಾಗ ರೈತ ಮತ್ತೆ ಅದೇ ಸಾಹುಕಾರನ ಬಾಗಿಲಿಗೆ ಹೋಗಬೇಕಿತ್ತು. ಸಾಹುಕಾರನೂ ದಾರಿ ಕಂಡುಕೊಂಡ: ಅಡಮಾನ ಪತ್ರದ ಬದಲು ನೇರ ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದ. ಸಾಲದ ಹೊರೆ ಇಳಿಸಲು ಕಾಯ್ದೆ ಸಾಕು. ಮುಂದಿನ ಹಂಗಾಮಿಗೆ ನ್ಯಾಯವಾದ ಸಾಲ ಕೊಡಲು ಬೇರೊಂದು ಸಂಸ್ಥೆಯೇ ಬೇಕು.

ಕಣಗಿನಹಾಳ ಮತ್ತು ಮುಂಬೈ

ಅಂಥ ಸಂಸ್ಥೆಗೆ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಅವಕಾಶ ಕೊಟ್ಟಿತು. ಮರುವರ್ಷವೇ, ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ತನ್ನ ಮೊದಲ ಸಂಘವೆಂದು ನೆನೆಯುವುದು ಇದನ್ನೇ. 1906ರಲ್ಲಿ, ಕೆನರಾದಿಂದ ಮುಂಬೈಗೆ ಹೋಗಿ ನೆಲೆಸಿದ್ದ ಚಿತ್ರಾಪುರ ಸಾರಸ್ವತರ ನಡುವೆ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠ್ಠಲ್ ಸಹಕಾರಿ ಪತ್ತಿನ ಸಂಘ ಆರಂಭಿಸಿದರು. ಅದು ಬೆಳೆದು ಬ್ಯಾಂಕಾಗಿದೆ. ಪ್ರಧಾನ ಕಚೇರಿ ಇರುವುದು ವಿಲೆ ಪಾರ್ಲೆಯ ಪಕ್ಕದ ವಾಕೋಲಾದಲ್ಲಿ. ಸದಸ್ಯರ ಉಳಿತಾಯವೇ ಬಂಡವಾಳ, ಪರಿಚಯವೇ ಜಾಮೀನು, ಎಲ್ಲರೂ ನೋಡಬಹುದಾದ ಲೆಕ್ಕ: ಇವು ಈ ಸಂಘಗಳ ಬಲ. 1975ರ ಕಾಯ್ದೆ ಸಹಕಾರ ಸಾಲವನ್ನು ಹೊರಗಿಟ್ಟದ್ದರ ಅರ್ಥ ಇಲ್ಲಿ ಸಿಗುತ್ತದೆ. ನಾಳೆ ಸಾಲ ಕೊಡಬೇಕಾದ ಸಂಸ್ಥೆ ಮುಳುಗಿದರೆ ಬಡವ ಮತ್ತೆ ಗಿರವಿ ಅಂಗಡಿಯ ಪಾಲಾಗುತ್ತಾನೆ.

ದೇಶಗಳ ಸಾಲ

ದೇಶಗಳ ಸಾಲಕ್ಕೂ ಈ ಪಾಠ ಅನ್ವಯಿಸುತ್ತದೆ. 1996ರಲ್ಲಿ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ, ಸಾಲದಲ್ಲಿ ಮುಳುಗಿದ ಬಡ ದೇಶಗಳಿಗೆ ಪರಿಹಾರ ಯೋಜನೆ ಆರಂಭಿಸಿದವು. ಸಾಲ ಒಮ್ಮೆಲೇ ಮನ್ನಾ ಆಗುವುದಿಲ್ಲ; ಒಪ್ಪಿದ ಸುಧಾರಣೆಗಳನ್ನು ನಡೆಸಿ ತೋರಿಸಬೇಕು. ಎಂಬತ್ತರ ದಶಕದ ಅಂತರ್ಯುದ್ಧದಲ್ಲಿ ನಲುಗಿದ್ದ ಉಗಾಂಡ 1998ರಲ್ಲಿ ಈ ಪರಿಹಾರವನ್ನು ಪೂರ್ತಿಯಾಗಿ ಪಡೆದ ಮೊದಲ ದೇಶ. ಅದು ಉಳಿದ ಹಣವನ್ನು ಬಡತನ ನಿವಾರಣೆಯ ಪ್ರತ್ಯೇಕ ನಿಧಿಗೆ ಹಾಕಿ, ಶಾಲೆ, ಆರೋಗ್ಯ, ಕುಡಿಯುವ ನೀರು, ಹಳ್ಳಿ ರಸ್ತೆಗಳಿಗೆ ಮೀಸಲಿಟ್ಟಿತು. ಹಿಂದಿನ ವರ್ಷವೇ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದಿದ್ದರಿಂದ ಮಕ್ಕಳು ಶಾಲೆಗೆ ದಂಡುಗಟ್ಟಿ ಬಂದಿದ್ದರು. ಶಿಕ್ಷಕರ ಸಂಬಳಕ್ಕೂ ಕೊಠಡಿಗಳಿಗೂ ಆ ನಿಧಿ ಒದಗಿತು. 1992ರಲ್ಲಿ ಸುಮಾರು ಶೇ. 56ರಷ್ಟಿದ್ದ ಬಡತನ 2000ದ ಹೊತ್ತಿಗೆ ಸುಮಾರು ಶೇ. 34ಕ್ಕೆ ಇಳಿಯಿತು. ಇದರಲ್ಲಿ ಶಾಂತಿಯ ಪಾಲೂ ಇತ್ತು, ಕಾಫಿ ಬೆಲೆಯ ಪಾಲೂ ಇತ್ತು.

ಮೊಜಾಂಬಿಕ್‌ನ ಕಥೆ ಎಚ್ಚರಿಕೆ ಹೇಳುತ್ತದೆ. 1992ರಲ್ಲಿ ಅಂತರ್ಯುದ್ಧ ಮುಗಿಸಿ, ಮುಂದೆ ಸಾಲದ ದೊಡ್ಡ ಪಾಲು ಮನ್ನಾ ಮಾಡಿಸಿಕೊಂಡ ಈ ದೇಶದಲ್ಲಿ, 2013–14ರಲ್ಲಿ ಸರ್ಕಾರಿ ಖಾತರಿಯ ಮೇಲೆ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಲಾಯಿತು. ಅದರ ಬಹುಪಾಲನ್ನು ಸಂಸತ್ತಿನಿಂದ ಮುಚ್ಚಿಟ್ಟಿದ್ದರು. 2016ರಲ್ಲಿ ಗುಟ್ಟು ಬಯಲಾದಾಗ ನೆರವು ನೀಡುತ್ತಿದ್ದವರು ಕೈ ಹಿಂದೆಗೆದರು, ನಾಣ್ಯ ಕುಸಿಯಿತು. ಪೆಟ್ಟು ಬಿದ್ದದ್ದು ಆ ಸಾಲ ಮಾಡದ ಬಡವರಿಗೆ.

ನಾವು ಕೇಳಬೇಕಾದದ್ದು

ಸಾಲ ಮನ್ನಾ ತಪ್ಪೆಂದು ಈ ಚರಿತ್ರೆ ಹೇಳುವುದಿಲ್ಲ. ತೀರಿಸಲಾಗದ ಸಾಲವನ್ನು ಹೊತ್ತವರಿಗೆ ಪರಿಹಾರ ಸಿಗಲೇಬೇಕು. ಆದರೆ ಮನ್ನಾ ಘೋಷಣೆಯಾದ ದಿನವೇ ಮೂರು ಪ್ರಶ್ನೆ ಕೇಳಬೇಕು. ಮುಂದಿನ ಸಾಲ ಯಾರಿಂದ, ಎಷ್ಟು ಬಡ್ಡಿಗೆ ಸಿಗುತ್ತದೆ? ಉಳಿದ ಹಣ ಶಾಲೆಗೆ, ಆಸ್ಪತ್ರೆಗೆ ಹೋಗುತ್ತದೆಯೇ? ಲೆಕ್ಕ ನೋಡುವ ಹಕ್ಕು ಯಾರಿಗಿದೆ?

ಲೆಕ್ಕ ನೋಡುವ ಈ ಹಕ್ಕು ವಿಲೆ ಪಾರ್ಲೆಯ ಚಾಳಿನಲ್ಲಿರುವವರಿಗೂ ಇದೆ. ಮಹಾರಾಷ್ಟ್ರದ 2014ರ ಲೇವಾದೇವಿ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಡ್ಡಿ ವ್ಯವಹಾರ ನಡೆಸುವುದು ಶಿಕ್ಷಾರ್ಹ ಅಪರಾಧ. ಬಡ್ಡಿಗೆ ಹಣ ಕೊಡುವವರ ಪರವಾನಗಿ ನೋಡಿ. ಕಟ್ಟಿದ ಪ್ರತಿ ಕಂತಿಗೂ ರಸೀದಿ ಕೇಳಿ. ಕೊಡದಿದ್ದರೆ ಸಹಕಾರ ಇಲಾಖೆಯ ನಿಬಂಧಕರಿಗೆ ದೂರು ಕೊಡಿ.