ಕಪಾಟಿನ ಹಿಂದಿನ ತಾಯಿ

ಯುಗಾದಿಗೆಂದು ಮನೆಯ ಧೂಳು ಹೊಡೆಯುವಾಗ ಪುಸ್ತಕದ ಕಪಾಟಿನ ಹಿಂದೆ ಬೆಳ್ಳನೆಯ ನೂಲಿನ ಗೂಡೊಂದು ಕಂಡಿತು. ಪೊರಕೆ ಎತ್ತಿದ ನನ್ನ ಕೈಯನ್ನು ಮಗಳು ತಡೆದಳು. “ಅಪ್ಪಾ, ಒಳಗಿಂದ ಏನೋ ನಮ್ಮನ್ನೇ ನೋಡುತ್ತಿದೆ!”

ನಿಜ. ಗಿಡ್ಡ ಕಾಲು, ರೋಮ ತುಂಬಿದ ಮೈ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಬಲು ದೊಡ್ಡವು. ಇದೇ ನೆಗೆಯುವ ಜೇಡ. 6000ಕ್ಕೂ ಮಿಕ್ಕ ಪ್ರಭೇದಗಳಿರುವ ಕುಟುಂಬ ಇದರದು. ಬೇಟೆಗೆಂದು ಬಲೆ ನೇಯದೆ, ಎಳೆಯೊಂದನ್ನು ಗೋಡೆಗೆ ಅಂಟಿಸಿ, ನೊಣದ ಮೇಲೆ ಹುಲಿಯಂತೆ ಎರಗುವುದು. ನಮಗೆ ಇದರಿಂದ ಭಯವಿಲ್ಲ.

ತಾಯಿ ಮೊಟ್ಟೆಗಳಿಗೆ ಕಾವಲು ಕೂರುವುದು. ಮರಿಗಳೂ ಕೆಲವು ದಿನ ಗೂಡಿನಲ್ಲಿಯೇ ಇರುವುವು. ಇರುವೆಯನ್ನು ಹೋಲುವ ಇದರ ಬಂಧುವೊಂದು ಮರಿಗಳಿಗೆ ಹಾಲಿನಂತಹ ದ್ರವವನ್ನು ಉಣಿಸುವುದೆಂದು ಚೀನದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು.

ಹಾಗಾದರೆ ಆರೈಕೆ ಹೇಗೆ? ಗೂಡನ್ನು ಮುಟ್ಟದಿರುವುದೇ ಮೊದಲ ಆರೈಕೆ. ಸಮೀಪದಲ್ಲೊಂದು ನೀರಿನ ಹನಿಯಿಟ್ಟರೆ ಸಾಕು. ಮರಿಗಳನ್ನು ಹಿಡಿದು ಒಂದೇ ಸೀಸೆಯಲ್ಲಿ ಕೂಡಿಡಬೇಡಿ. ಹಸಿದಾಗ ಒಂದನ್ನೊಂದು ತಿನ್ನುವುವು. ಗೂಡು ಕಿತ್ತುಹೋಗಿದ್ದರೆ ತಾಯಿಸಹಿತ ಕಾಗದದ ಮೇಲೆತ್ತಿ ಗಿಡದ ನೆರಳಿನಲ್ಲಿಡಿ.

ಆ ಯುಗಾದಿಗೆ ಕಪಾಟಿನ ಹಿಂದಿನ ಧೂಳು ಹಾಗೆಯೇ ಉಳಿಯಿತು. ಕೆಲವು ದಿನಗಳ ಬಳಿಕ ಗೂಡು ಬರಿದಾಯಿತು. ಎಳ್ಳುಕಾಳಿನಷ್ಟು ಮರಿಗಳು ಗೋಡೆಯ ಮೇಲೆ ನೆಗೆದಾಡುತ್ತಿದ್ದುವು. ಮಗಳು ಎಣಿಸಿ ಎಣಿಸಿ ಸೋತಳು.