ತಾಮ್ರದ ತಂತಿಯೊಳಗಿನ ಗದ್ದಲ

ಮಾತಿಗೆ ಸಾಕಾಗುವ 300ರಿಂದ 3,400 ಹರ್ಟ್ಸ್‌ವರೆಗಿನ ಕಿರುಪಟ್ಟಿಯನ್ನು ದೂರವಾಣಿಗೇ ಬಿಟ್ಟು, ಅದೇ ತಂತಿಯ ಮೇಲೆ ಸುಮಾರು 26ರಿಂದ 1,104 ಕಿಲೋಹರ್ಟ್ಸ್‌ವರೆಗಿನ ವಿಶಾಲ ಕ್ಷೇತ್ರದಲ್ಲಿ ಅಂತರ್ಜಾಲವನ್ನು ಹರಿಯಿಸುವ ಎಡಿಎಸ್‌ಎಲ್ ವ್ಯವಸ್ಥೆಯು, ಆ ಕ್ಷೇತ್ರವನ್ನು ನೂರಾರು ಪಟ್ಟಿಗಳಾಗಿ ಸೀಳಿ, ಒಂದೊಂದರ ಗದ್ದಲವನ್ನೂ ಅಳೆದು, ನಿರ್ಮಲವಾದವುಗಳ ಮೇಲೆ ಹೆಚ್ಚಿನ ಭಾರವನ್ನೂ ಕಲುಷಿತವಾದವುಗಳ ಮೇಲೆ ಕಡಮೆ ಭಾರವನ್ನೂ ಹೇರುತ್ತದೆ. ಈ ಜಾಣ್ಮೆಗೂ ಮೇರೆಯುಂಟು. ಗದ್ದಲವನ್ನು ಮೀರಿ ಸಂಕೇತಕ್ಕೆ ಇನ್ನೆಷ್ಟು ಅಂತರ ಉಳಿದಿದೆಯೆಂದು ಮೋಡೆಮ್ ತೋರಿಸುವ ಎಸ್‌ಎನ್‌ಆರ್ ಮಾರ್ಜಿನ್ 6 ಡೆಸಿಬೆಲ್‌ಗಿಂತ ಬಹಳ ಕೆಳಗಿಳಿದರೆ ಸಂಪರ್ಕವು ಪದೇ ಪದೇ ಕಡಿಯತೊಡಗುತ್ತದೆ.

ಗದ್ದಲದಿಂದ ತಂತಿಯನ್ನು ಕಾಪಾಡುವುದು ಅದರ ಹೊದಿಕೆಯಲ್ಲ, ಅದರ ಹೊಸೆತ. ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಉಪಾಯವಿದು: ಜೋಡಿ ತಂತಿಗಳನ್ನು ಹುರಿಯಂತೆ ಹೊಸೆದಾಗ ಹೊರಗಿನ ವಿದ್ಯುತ್ಕ್ಷೋಭೆಯು ಎರಡರ ಮೇಲೂ ಸಮನಾಗಿ ಎರಗುವುದರಿಂದ, ಅವುಗಳ ವ್ಯತ್ಯಾಸವನ್ನಷ್ಟೇ ಓದುವ ಯಂತ್ರಕ್ಕೆ ಅದು ಇಲ್ಲದಂತೆಯೇ ಸರಿ. ಆದರೆ ಮಳೆನೀರು ಇಳಿದು ಒಂದೇ ತಂತಿಯ ಬೆಸುಗೆ ಕಿಲುಬು ಹಿಡಿದರೆ ಆ ಸಮತೋಲ ಕೆಟ್ಟು, ಇಡೀ ತಂತಿಯೇ ರೇಡಿಯೋದ ಆಂಟೆನಾ ಆಗಿಬಿಡುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಎಡಿಎಸ್‌ಎಲ್ ಕ್ಷೇತ್ರದ ನಡುವಿನಲ್ಲೇ ಬರುತ್ತದೆ. ಸೂರ್ಯಾಸ್ತವಾದ ಮೇಲೆ ಅಯಾನುಗೋಳದ ಕೆಳಪದರವು ಕರಗಿ, ದೂರದೂರದ ಮಧ್ಯಮತರಂಗಗಳೂ ಬಂದು ಸೇರುವುದರಿಂದ, ಹಗಲೆಲ್ಲ ನೆಟ್ಟಗಿದ್ದ ಸಂಪರ್ಕವು ಸಂಜೆಯಾದೊಡನೆ ತಡವರಿಸುವುದುಂಟು.

ಪರೀಕ್ಷೆಗೆ ಬೆಲೆಬಾಳುವ ಉಪಕರಣವೇನೂ ಬೇಡ. ರಿಸೀವರನ್ನೆತ್ತಿ, ಯಾವುದಾದರೊಂದು ಅಂಕಿಯನ್ನೊತ್ತಿ ಡಯಲ್ ಟೋನನ್ನು ಅಡಗಿಸಿ, ಆ ಮೌನಕ್ಕೆ ಕಿವಿಗೊಡಬೇಕು. ಕರಕರ ಸದ್ದು ಕೇಳಿಸಿದರೆ ಎಲ್ಲೋ ಒಂದು ಬೆಸುಗೆ ಕೆಟ್ಟಿದೆಯೆಂದೇ ತಿಳಿಯಬಹುದು. ಬಳಿಕ ಮನೆಯ ಬೇರೆಲ್ಲ ದೂರವಾಣಿಗಳನ್ನೂ ಕಳಚಿ, ತಂತಿ ಮನೆಯನ್ನು ಹೊಗುವ ಮೊದಲ ಪೆಟ್ಟಿಗೆಗೇ ಮೋಡೆಮನ್ನು ಜೋಡಿಸಿದಾಗ ತೊಂದರೆ ನಿಂತಿತಾದರೆ ದೋಷ ಒಳಗಿನದು, ಹೆಚ್ಚಾಗಿ ಮಾತನ್ನೂ ಅಂತರ್ಜಾಲವನ್ನೂ ಬೇರ್ಪಡಿಸುವ ಸ್ಪ್ಲಿಟರಿನದೋ ಹಳೆಯ ಒಳತಂತಿಯದೋ. ಮನೆಯ ಅಗ್ಗದ ಚಾರ್ಜರುಗಳೇ ಗದ್ದಲ ಹೊರಡಿಸುತ್ತಿವೆಯೆಂಬ ಸಂಶಯವಿದ್ದವರು, ಬ್ಯಾಟರಿಯ ಟ್ರಾನ್ಸಿಸ್ಟರನ್ನು ಮಧ್ಯಮತರಂಗದ ಖಾಲಿ ಜಾಗದಲ್ಲಿ ನಿಲ್ಲಿಸಿ ಅವುಗಳ ಬಳಿ ಒಯ್ದರೆ, ಅಪರಾಧಿ ತಾನಾಗಿಯೇ ಬುಸುಗುಟ್ಟುತ್ತದೆ.

ದೋಷ ಹೊರಗಿನದಾದರೆ ಲೈನ್‌ಮನ್ನನೇ ಗತಿ. ಆದರೆ ಅವನು ಮೊದಲು ಕರೆ ಮಾಡಿ ನೋಡುವುದರಲ್ಲಿಯೇ ಒಂದು ವಿಪರ್ಯಾಸವಿದೆ: ಗಂಟೆ ಬಾರಿಸುವ ಹೆಚ್ಚಿನ ವೋಲ್ಟೇಜು ಕಿಲುಬಿನ ಪೊರೆಯನ್ನು ಭೇದಿಸಿ ಬೆಸುಗೆಯನ್ನು ತಾತ್ಕಾಲಿಕವಾಗಿ ಕೂಡಿಸಿಬಿಡಬಹುದು, ಆಗ ಎಲ್ಲವೂ ಸರಿಯಿದೆಯೆಂದು ಹೇಳಿ ಅವನು ದೂರನ್ನು ಮುಚ್ಚಿಬಿಡಬಹುದು. ಆದುದರಿಂದ ಅಂತರ್ಜಾಲ ನಿಧಾನವೆನ್ನುವುದಕ್ಕಿಂತ, ಮಾತಿನಲ್ಲಿಯೇ ಕರಕರವಿದೆ, ಕರೆ ಬಂದೊಡನೆ ಮಾಯವಾಗಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತಲೆಯೆತ್ತುತ್ತದೆ, ಎಂದು ದೂರಿನಲ್ಲಿ ಬರೆಯಿಸುವುದೇ ಲೇಸು.